ಸಿದ್ದಲಿಂಗನ ಕಾರಿನ ಸಣ್ಣ ಬ್ಯಾಟರಿ

ಮಸೂತಿ ಎಂಬ ಊರಲ್ಲಿ ಯಾರ ಮನೆಯ ಗಾಡಿ ಚಾಲೂ ಆಗದಿದ್ದರೂ ಓಣಿಯ ಮಂದಿ ಒಬ್ಬೊಬ್ಬರಾಗಿ ಬಂದು ಸುತ್ತ ನಿಲ್ಲುತ್ತಾರೆ. ಒಬ್ಬರು ಪೆಟ್ರೋಲ್ ಇದೆಯೇ ಎಂದು ಕೇಳುತ್ತಾರೆ. ಇನ್ನೊಬ್ಬರು ತಳ್ಳಿ ನೋಡೋಣ ಅನ್ನುತ್ತಾರೆ. ಮತ್ತೊಬ್ಬರು ಚಕ್ರಕ್ಕೆ ಒಮ್ಮೆ ಕಾಲಿನಿಂದ ಒದ್ದು ನೋಡುತ್ತಾರೆ. ಅವತ್ತು ಬೆಳಗ್ಗೆ ಸಿದ್ದಲಿಂಗನ ಮನೆಯ ಮುಂದೆ ಆದದ್ದೂ ಅದೇ. ನಿಂತು ಹೋದದ್ದು ಮಾತ್ರ ಹಳೆಯ ಟ್ರ್ಯಾಕ್ಟರ್ ಅಲ್ಲ, ಊರಿಗೇ ಹೊಸದಾದ ಹೈಬ್ರಿಡ್ ಕಾರು.

ಸಿದ್ದಲಿಂಗ ದ್ರಾಕ್ಷಿ ಬೆಳೆಗಾರ. ಹೋದ ದೀಪಾವಳಿಗೆ ಈ ಕಾರು ತಂದಿದ್ದ. ಅದರಲ್ಲಿ ಪೆಟ್ರೋಲ್ ಇಂಜಿನ್ನೂ ಇತ್ತು, ಕರೆಂಟಿನ ಮೋಟಾರೂ ಇತ್ತು. ಚಾರ್ಜಿಗೆ ಹಚ್ಚುವ ಕೆಲಸವಿಲ್ಲ, ಓಡುತ್ತ ಓಡುತ್ತ ತಾನೇ ಬ್ಯಾಟರಿ ತುಂಬಿಕೊಳ್ಳುತ್ತದೆ ಎಂದು ಮಾರಿದವರು ಹೇಳಿದ್ದರು. ಆದರೆ ಓಡಿದರೆ ತಾನೆ? ತೋಟಕ್ಕೆ ಮೋಟಾರ್‌ಸೈಕಲ್ ಇತ್ತು, ಮಾಲು ಒಯ್ಯಲು ಪಿಕಪ್ ಇತ್ತು. ಕಾರಿಗೆ ಲಗ್ನವೋ ಸೀಮಂತವೋ ಬಂದಾಗಷ್ಟೇ ಕೆಲಸ. ಉಳಿದ ದಿನವೆಲ್ಲ ಹೊದಿಕೆ ಹೊದ್ದು ಪಡಸಾಲೆಯ ಗೋಡೆಗೆ ಹತ್ತಿಕೊಂಡು ನಿಂತಿರುತ್ತಿತ್ತು.

ಹೆಂಡತಿ ಭುವನೇಶ್ವರಿ ಕಾರು ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು. "ಬಾಗೇವಾಡಿ ತನಕ ಒಯ್ದು ಬರ್ಲೇನ್ರಿ?" ಎಂದು ಕೇಳಿದರೆ ಅವನದು ಒಂದೇ ಉತ್ತರ: "ಧೂಳ ಬಡೀತೈತಿ, ಬ್ಯಾಡ."

ಇಂಥವನ ಬಾಯಿಂದ ಹೂಂ ಅನ್ನಿಸಿದ್ದು ಎದುರು ಮನೆಯ ಬುಶ್ರಾ. ಬಟ್ಟೆ ಹೊಲಿಯುವ ಗೈಬುಸಾಬನ ಮಗಳು, ಪಿಯುಸಿ ಓದುವ ಹುಡುಗಿ. ಬೆಳಕು ಹರಿಯುವುದೇ ತಡ, ಕೊಲ್ಹಾರದ ರಸ್ತೆಯಲ್ಲಿ ಅವಳ ಸೈಕಲ್ ಓಡುತ್ತಿತ್ತು. ವಿಜಯಪುರದಲ್ಲಿ ಸೈಕ್ಲಿಂಗ್ ತರಬೇತಿ ಶಿಬಿರಕ್ಕೆ ಆಯ್ಕೆ ಇತ್ತು. ಅಲ್ಲಿ ಆರಿಸಿದರೆ ಊಟ, ವಸತಿ, ಓದು, ಸೈಕಲ್ಲು ಎಲ್ಲ ಅವರದೇ. "ನಿನ್ನ ಸೈಕಲ್ ಕಾರಿನ್ಯಾಗ ಹಾಕ್ಕೊಂಡು ನಾನ ಕರ್ಕೊಂಡ ಹೋಗ್ತೇನಿ" ಎಂದು ಭುವನೇಶ್ವರಿ ಮಾತು ಕೊಟ್ಟಿದ್ದಳು. ಸಿದ್ದಲಿಂಗನೂ, "ಹುಡುಗಿ ಸಲುವಾಗಿ ಆಗಲಿ" ಅಂದಿದ್ದ.

ಆಯ್ಕೆಯ ದಿನ ಬೆಳಗ್ಗೆ ಭುವನೇಶ್ವರಿ ಹೊದಿಕೆ ತೆಗೆದು ಚಾವಿಯ ಗುಂಡಿ ಒತ್ತಿದಳು. ಕಾರು ಸುಮ್ಮನಿತ್ತು. ಮತ್ತೆ ಒತ್ತಿದಳು. ಬಾಗಿಲು ತೆರೆಯಲಿಲ್ಲ, ಒಂದು ದೀಪವೂ ಮಿಣುಕಲಿಲ್ಲ.

"ಚಾವಿ ಸೆಲ್ ಹೋಗಿರ್ಬೇಕ್ ತಗೋ," ಎಂದು ಸಿದ್ದಲಿಂಗ ಒಳಗೆ ಹೋಗಿ ಇನ್ನೊಂದು ಚಾವಿ ತಂದ. ಅದಕ್ಕೂ ಅಷ್ಟೇ. ಹಿಂದಿನ ಡಿಕ್ಕಿಯೂ ತೆರೆಯಲಿಲ್ಲ.

"ತಳ್ಳಿ ನೋಡೂಣ್ರಿ ಅಣ್ಣಾರ," ಅಂದ ಗೈಬುಸಾಬ. ನಾಲ್ಕು ಜನ ಹಿಂದೆ ನಿಂತು ಹೆಗಲು ಕೊಟ್ಟರು. ಕಾರು ಕದಲಲಿಲ್ಲ.

ಬುಶ್ರಾ ಸೈಕಲ್ ಹಿಡಿದು ನಿಂತೇ ಇದ್ದಳು. ಹೊತ್ತು ಏರುತ್ತಿತ್ತು. ಸಿದ್ದಲಿಂಗನ ಪಿಕಪ್ ದ್ರಾಕ್ಷಿ ತುಂಬಿಕೊಂಡು ಆಗಲೇ ಊರು ಬಿಟ್ಟಿತ್ತು. ಬಸ್ಸಿನಲ್ಲಿ ಸೈಕಲ್ ಹತ್ತಿಸಿಕೊಳ್ಳುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಹುಡುಗಿ ಒಮ್ಮೆ ರಸ್ತೆಯ ಕಡೆ ನೋಡಿದಳು.

"ಬಿಡ್ರಿ ಕಾಕು. ನಾ ತುಳದs ಹೋಗ್ತೇನಿ."

"ವಿಜಯಪುರ ತನಕ? ಹುಚ್ಚೀ, ಅಲ್ಲಿ ಹೋಗಿ ಮತ್ತ ರೇಸ್ ಹೊಡೀಬೇಕಲ್ಲ ನೀ!"

"ಇಲ್ಲೇ ನಿಂತ್ರ ರೇಸs ಇಲ್ಲಲ್ರಿ" ಎಂದವಳೇ ಹೊರಟುಬಿಟ್ಟಳು. ಗೈಬುಸಾಬ ಮೋಟಾರ್‌ಸೈಕಲ್ ಹತ್ತಿ ಅವಳ ಹಿಂದೆ ಹೋದ.

ಸಂಜೆ ಇಬ್ಬರೂ ತಿರುಗಿ ಬಂದರು. ಬುಶ್ರಾ ಹೊತ್ತಿಗೆ ಸರಿಯಾಗಿ ಮುಟ್ಟಿದ್ದಳು. ಆದರೆ ಅಷ್ಟು ದೂರ ತುಳಿದ ಕಾಲುಗಳಲ್ಲಿ ರೇಸಿಗೆ ಏನೂ ಉಳಿದಿರಲಿಲ್ಲ. ರೇಸಿನ ಅರ್ಧದಾರಿಯ ತನಕ ಮುಂದಿದ್ದವಳನ್ನು ಒಬ್ಬೊಬ್ಬರೇ ದಾಟಿ ಹೋದರು. ಆಯ್ಕೆ ಮಾಡುವವರು ಮಾತ್ರ, "ಮಳೆಗಾಲ ಮುಗಿದ ಮ್ಯಾಲ ಇನ್ನೊಂದು ಆಯ್ಕೆ ಐತಿ, ತಪ್ಪದ ಬಾ" ಎಂದು ಹೇಳಿ ಕಳಿಸಿದ್ದರು.

ಬುಶ್ರಾ ಯಾರನ್ನೂ ದೂರಲಿಲ್ಲ. ಕಟ್ಟೆಯ ಮೇಲೆ ಕುಳಿತು ಭುವನೇಶ್ವರಿ ಕೊಟ್ಟ ಚಹಾ ಕುಡಿದಳು. ಅವಳು ದೂರದೇ ಇದ್ದದ್ದೇ ಭುವನೇಶ್ವರಿಗೆ ಹೆಚ್ಚು ಚುಚ್ಚಿತು.

"ಮಾರಿಬಿಡ್ತೇನಿ ಈ ಕಾರ," ಅಂದ ಸಿದ್ದಲಿಂಗ. "ಅಷ್ಟ್ ದೊಡ್ಡ ಬ್ಯಾಟರಿ ಐತಿ ಅಂದ್ರು. ಒಂದ್ ಬಾಗಿಲಾ ತಗ್ಯಾಕ ಆಗೂದಿಲ್ಲಂದ್ರ ಏನ್ ಬ್ಯಾಟರಿ ಅದು? ಮೋಸ, ಬರೇ ಮೋಸ."

ಭುವನೇಶ್ವರಿಗೆ ಸಿಟ್ಟಿಗಿಂತ ಪ್ರಶ್ನೆಯೇ ದೊಡ್ಡದಾಯಿತು. ಹೌದಲ್ಲ, ಕಾರನ್ನೇ ಎಳೆಯುವ ಬ್ಯಾಟರಿಗೆ ಒಂದು ದೀಪ ಹಚ್ಚಲು ಯಾಕೆ ಆಗಲಿಲ್ಲ? ನಿಂತಲ್ಲೇ ನಿಂತ ಕಾರಿನ ಕರೆಂಟು ಎಲ್ಲಿಗೆ ಹೋಯಿತು? ರೊಟ್ಟಿ ಬಡಿಯುವಾಗಲೂ ಅದೇ ಯೋಚನೆ. ಕೊನೆಗೆ ಗೆಳತಿ ಸಗೀರಾಳಿಗೆ ಫೋನ್ ಹಚ್ಚಿದಳು.

ಸಗೀರಾ ಮತ್ತು ಭುವನೇಶ್ವರಿ ಮಸೂತಿಯ ಸಾಲೆಯಲ್ಲಿ ಒಂದೇ ಬೆಂಚಿನವರು. ಸಗೀರಾ ಈಗ ಆಲಮಟ್ಟಿಯ ವಿದ್ಯುತ್ ಘಟಕದಲ್ಲಿ ಇಂಜಿನಿಯರ್. ಅವಳ ಮನೆಯಲ್ಲೂ ಹೈಬ್ರಿಡ್ ಕಾರೇ ಇತ್ತು. ಕೇಳಿದ ಕೂಡಲೇ ನಕ್ಕಳು.

"ನನ್ನ ಕಾರೂ ಒಮ್ಮಿ ಹಿಂಗs ಮಾಡಿತ್ತವಾ. ರವಿವಾರ ಬರ್ತೇನಿ. ಅಲ್ಲೀತನಕ ಯಾರೂ ಏನೂ ಬಿಚ್ಚಬ್ಯಾಡ್ರಿ."

ರವಿವಾರ ಸಗೀರಾ ಬಂದಾಗ ಓಣಿಯ ಮಂದಿ ಮತ್ತೆ ಸೇರಿದರು. ಸಿದ್ದಲಿಂಗನ ತಾಯಿ ಲಕ್ಕವ್ವ ಕಟ್ಟೆಯ ಮೇಲೆ ಎಲೆ ಅಡಿಕೆ ಹಿಡಿದು ಕುಳಿತಳು.

ಸಗೀರಾ ಚಾವಿ ಕೈಗೆ ತೆಗೆದುಕೊಂಡಳು. ಬದಿಯ ಸಣ್ಣ ಕೊಕ್ಕೆ ಸರಿಸಿ ಎಳೆದಳು. ಪ್ಲಾಸ್ಟಿಕ್ ಚಾವಿಯ ಹೊಟ್ಟೆಯಿಂದ ಒಂದು ಕಬ್ಬಿಣದ ಚಾವಿ ಹೊರಬಂತು. ಅದನ್ನು ಬಾಗಿಲಿನ ಕಿಂಡಿಗೆ ಹಾಕಿ ತಿರುವಿದಳು. ಬಾಗಿಲು ತೆರೆಯಿತು.

"ಅಯ್ಯ! ಇದು ಇದರಾಗs ಇತ್ತೇನ್?" ಭುವನೇಶ್ವರಿ ಚಾವಿಯನ್ನು ಹೊರಳಿಸಿ ಹೊರಳಿಸಿ ನೋಡಿದಳು.

"ಬ್ಯಾಟರಿ ಹೋದಾಗ ಬೇಕಂತನs ಇಟ್ಟಿರ್ತಾರ. ಈಗ ಕೇಳ. ಈ ಕಾರಿನ್ಯಾಗ ಬ್ಯಾಟರಿ ಎರಡು. ದೊಡ್ಡದು ಮೋಟಾರ್ ತಿರಗಸ್ತೈತಿ. ಸಣ್ಣದು ಬ್ಯಾರೆ ಐತಿ, ಹನ್ನೆರಡು ವೋಲ್ಟಿಂದು. ಬಾಗಿಲಾ, ದೀಪಾ, ಹಾಡು, ಒಳಗಿನ ಕಂಪ್ಯೂಟರ್, ಎಲ್ಲಾ ಸಣ್ಣದರ ಮ್ಯಾಲ ನಡೀತಾವ. ಹೋಗಿದ್ದು ಆ ಸಣ್ಣದು."

"ಸಣ್ಣದು ಹೋದ್ರ ಹೋಗ್ಲಿ, ದೊಡ್ಡದು ಐತೆಲ್ಲ?" ಸಿದ್ದಲಿಂಗ ಅಡ್ಡ ಮಾತು ತೆಗೆದ.

"ನಮ್ಮ ಡ್ಯಾಮ್ ನೋಡೀರಲ್ರಿ ಅಣ್ಣಾರ? ತುಂಬಿ ನಿಂತಿರತೈತಿ. ಆದ್ರ ಗೇಟ್ ಏಳಲಿಲ್ಲಂದ್ರ ಆ ನೀರು ಹೊಲಕ್ಕ ಬರತೈತೇನು? ದೊಡ್ಡ ಬ್ಯಾಟರಿ ಡ್ಯಾಮ್ ಇದ್ದಂಗ. ಗೇಟ್ ಎತ್ತೂದು ಸಣ್ಣ ಬ್ಯಾಟರಿ. ಅದು ಸತ್ತರ ದೊಡ್ಡದು ತುಂಬಿದ್ರೂ ಪೆಟ್ರೋಲ್ ಇದ್ರೂ ಕಾರ್ ಏಳೂದಿಲ್ಲ. ತಳ್ಳಿದ್ರೂ ಏಳೂದಿಲ್ಲ."

ಭುವನೇಶ್ವರಿ ಬಿಡಲಿಲ್ಲ. "ಹಂಗಾರ ದೊಡ್ಡದರಿಂದ ಸಣ್ಣದು ತಾನs ತುಂಬ್ಕೋಬಾರ್ದೇನು?"

"ಛಲೋ ಕೇಳಿದಿ. ಕಾರ್ ಚಾಲೂ ಇದ್ದಾಗ ತುಂಬತೈತಿ. ಬಂದ್ ಮಾಡಿದ್ರ ಎರಡರ ನಡುವಿನ ದಾರಿ ಬಂದ್. ಬಾಳಷ್ಟು ಕಾರಿನ್ಯಾಗ ಹಂಗs. ಆದ್ರ ಕಾರ್ ನಿಂತಾಗೂ ಕಳ್ಳರ ಅಲಾರಂ, ಗಡಿಯಾರ, ಚಾವಿ ಬಂತೇನು ಅಂತ ನೋಡೂ ಯಂತ್ರ, ಇವೆಲ್ಲಾ ಸಣ್ಣದರಿಂದ ಗುಟಕ ಗುಟಕ ಕುಡೀತಿರ್ತಾವ. ವಾರಗಟ್ಟಲೆ ಹಂಗs ನಿಂತ್ರ ಖಾಲಿ."

ಸಗೀರಾ ಕಾರಿನ ಪುಸ್ತಕ ನೋಡಿ, ಮುಂದಿನ ಬಾನೆಟ್ ಎತ್ತಿ, ಪುಸ್ತಕ ತೋರಿಸಿದ ಜಾಗದಲ್ಲಿ ತಾನು ತಂದ ಚಾರ್ಜಿನ ಪೆಟ್ಟಿಗೆಯ ಕೆಂಪು ಕ್ಲಿಪ್ಪನ್ನು ಮೊದಲು, ಕಪ್ಪು ಕ್ಲಿಪ್ಪನ್ನು ಆಮೇಲೆ ಹಚ್ಚಿದಳು. ಪೆಟ್ಟಿಗೆ ಊಟದ ಡಬ್ಬಿಗಿಂತ ದೊಡ್ಡದಿರಲಿಲ್ಲ.

"ಕೆಂಪು ಕರಿ ಅದಲ ಬದಲ ಆದ್ರ ಒಳಗಿನ ಸಾಮಾನು ಸುಟ್ಟ ಹೋಗ್ತಾವ. ಗೊತ್ತಿಲ್ಲಂದ್ರ ಕೈ ಹಾಕಬ್ಯಾಡ್ರಿ, ಸರ್ವಿಸ್‌ನವರನ್ನ ಕರೀರಿ. ಮತ್ತ ಕಿತ್ತಳೆ ಬಣ್ಣದ ದಪ್ಪ ವೈರ್ ಅದಾವಲ್ಲ, ಅವು ದೊಡ್ಡ ಬ್ಯಾಟರಿವು. ಅವನ್ನಂತೂ ಮುಟ್ಟಲೇಬ್ಯಾಡ್ರಿ. ಭುವಿ, ಕುಂದ್ರು. ಬ್ರೇಕ್ ಒತ್ತಿ ಹಿಡಿ. ಈಗ ಗುಂಡಿ ಒತ್ತು."

ಭುವನೇಶ್ವರಿ ಒತ್ತಿದಳು. ಮುಂದಿನ ಪರದೆ ಬೆಳಗಿತು. ಹಸಿರು ಅಕ್ಷರದಲ್ಲಿ 'ರೆಡಿ' ಎಂದು ಬಂತು. ಸದ್ದು ಮಾತ್ರ ಏನೂ ಇಲ್ಲ.

"ಚಾಲೂ ಆಗ್ಲಿಲ್ಲಲ್ಲ?" ಅಂದ ಸಿದ್ದಲಿಂಗ.

"ಆಗೇತ್ರಿ. ರೆಡಿ ಅಂತ ಬಂದ್ರ ಚಾಲೂ ಆದಂಗ. ಸದ್ದಿಗೆ ಕಾಯಬ್ಯಾಡ್ರಿ."

ಅಷ್ಟರಲ್ಲಿ ಇಂಜಿನ್ ತಾನೇ ಗುರ್ರ್ ಎಂದು ಎದ್ದಿತು. ಲಕ್ಕವ್ವ ಕಟ್ಟೆಯ ಮೇಲೆ ಬೆಚ್ಚಿಬಿದ್ದಳು. ಸ್ವಲ್ಪ ಹೊತ್ತಿಗೆ ತಾನೇ ಸುಮ್ಮನಾಯಿತು. "ಬೇಕಾದಾಗ ಏಳತೈತಿ, ಸಾಕಾದಾಗ ಮಲಗತೈತಿ," ಎಂದು ಸಗೀರಾ ಕ್ಲಿಪ್ಪು ತೆಗೆದಳು. "ಇನ್ನ ಒಂದ್ ತಾಸರ ಓಡಿಸ್ರಿ. ನಾಳೆ ಸಣ್ಣ ಬ್ಯಾಟರಿ ಪರೀಕ್ಷೆ ಮಾಡಸ್ರಿ. ಪೂರಾ ಖಾಲಿ ಆದಷ್ಟೂ ಅದು ಸೊರಗತೈತಿ."

ಆದರೆ ಅವಳಿಗೂ ಒಂದು ಅನುಮಾನ ಉಳಿದಿತ್ತು. ಆಯ್ಕೆಗೆ ಹತ್ತು ದಿನ ಮೊದಲಷ್ಟೇ ಒಂದು ಲಗ್ನಕ್ಕೆ ಹೋಗಿ ಬಂದಿದ್ದ ಕಾರು ಎಂದು ಭುವನೇಶ್ವರಿ ಹೇಳಿದ್ದಳು. ಇಷ್ಟು ಬೇಗ ಖಾಲಿಯಾಗಬಾರದಿತ್ತು. "ಚಾವಿ ಎಲ್ಲಿ ಇಡ್ತೀರಿ?" ಎಂದು ಕೇಳಿದಳು.

ಭುವನೇಶ್ವರಿ ಪಡಸಾಲೆಯ ಮೊಳೆ ತೋರಿಸಿದಳು. ಗೋಡೆಯ ಈಚೆ ಚಾವಿ, ಗೋಡೆಯ ಆಚೆ ಕಾರು.

"ಇದೊಂದು. ಚಾವಿ ಇಷ್ಟ್ ಹತ್ರ ಇದ್ರ ಕಾರಿಗೆ ಮಾಲಕ ಬಂದ ಅಂತ ಅನಸ್ತೈತಿ, ನಿದ್ದಿ ಮಾಡೂದಿಲ್ಲ. ಒಳಗಿನ ಕ್ವಾಣ್ಯಾಗ ದೂರ ಇಡ್ರಿ. ಇನ್ನೇನರ? ದೀಪಾ ಉಳದಿತ್ತೇನು? ಯಾರರ ಒಳಗ ಕುಂದರತಿದ್ರೇನು?"

"ಯಾರೂ ಇಲ್ಲ," ಎಂದ ಸಿದ್ದಲಿಂಗ.

"ನಾ ಕುಂದರತಿದ್ನೆಲ್ಲೋ," ಎಂದಳು ಲಕ್ಕವ್ವ.

ಎಲ್ಲರೂ ಅವಳ ಕಡೆ ತಿರುಗಿದರು.

"ಮಧ್ಯಾಹ್ನ ನೀವು ತೋಟಕ್ಕ ಹೋದ ಮ್ಯಾಲ ಮೊಳಿ ಮ್ಯಾಲಿನ ಚಾವಿ ತಗೊಂಡು, ಹೊದಿಕೆ ಸರಿಸಿ ಒಳಗ ಕುಂದ್ರತಿದ್ನಿ. ಮೆತ್ತಗ ಐತಿ ಕುರ್ಚಿ. ಗುಂಡಿ ಒತ್ತಿದ್ರ ಛಲೋ ಛಲೋ ಹಾಡು ಬರ್ತಿದ್ವು. ಕಾರ್ ಏನ್ ನಾ ಹೊಡದಿಲ್ಲಪಾ, ಬರೇ ಹಾಡ ಕೇಳೀನಿ. ಮತ್ತ ಒಂದಿನಾ ಹಾಡ ನಿಂತ್ವು. ಬಂದ್ ಮಾಡಿ, ಲಾಕ್ ಹಾಕಿ, ಹೊದಿಕೆ ಹಾಕಿ ಸುಮ್ನಾದೆ. ರೇಡಿಯೋದವರು ಸೂಟಿ ಮಾಡ್ಯಾರ ಅಂತ ತಿಳದಿದ್ನಿ."

ಓಣಿಗೆ ಓಣಿಯೇ ನಕ್ಕಿತು. ಬುಶ್ರಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಭುವನೇಶ್ವರಿಯ ಎದೆ ಆಯ್ಕೆಯ ದಿನದ ನಂತರ ಮೊದಲ ಸಲ ಹಗುರಾಯಿತು.

ಸಗೀರಾ ಲಕ್ಕವ್ವನ ಪಕ್ಕ ಹೋಗಿ ಕುಳಿತಳು. "ಅಮ್ಮಾ, ಬ್ರೇಕ್ ಒತ್ತದ ಗುಂಡಿ ಒತ್ತಿದ್ರ ಹಾಡು ಬರತೈತಿ, ಆದ್ರ ಕಾರ್ ಚಾಲೂ ಆಗಿರೂದಿಲ್ಲ. ಸಣ್ಣ ಬ್ಯಾಟರಿ ಕರಗತಿರತೈತಿ, ತುಂಬೂದಿಲ್ಲ. ನೀವು ಕೇಳ್ರಿ, ಭುವಿ ಜೋಡಿ ಕುಂತು, ರೆಡಿ ದೀಪಾ ಬಂದ ಮ್ಯಾಲ ಕೇಳ್ರಿ."

ಹೊರಡುವಾಗ ಅವಳು ಸಿದ್ದಲಿಂಗನಿಗೂ ಹೇಳಿದಳು. "ವಾರಕ್ಕೊಮ್ಮಿ ಕಾರ್ ಹೊರಗ ಒಯ್ರಿ. ಓಡಸಾಕ ಆಗಲಿಲ್ಲಂದ್ರ ಅಂಗಳದಾಗs ರೆಡಿ ಮಾಡಿ ಒಂದ್ ತಾಸು ಇಡ್ರಿ. ಗೇರ್ ಪಾರ್ಕಿನ್ಯಾಗ ಇರ್ಲಿ, ಹ್ಯಾಂಡ್ ಬ್ರೇಕ್ ಹಾಕ್ರಿ, ಒಬ್ರು ಒಳಗ ಇರ್ರಿ. ಶೆಡ್ ಬಾಗಿಲಾ ಹಾಕ್ಕೊಂಡು ಮಾತ್ರ ಮಾಡಬ್ಯಾಡ್ರಿ, ಇಂಜಿನ್ ಹೊಗಿ ಜೀವಕ್ಕ ಕೇಡು."

"ಒಂದ್ ತಾಸು ಪೆಟ್ರೋಲ್ ಸುಡೂದಾ?" ಸಿದ್ದಲಿಂಗ ಹುಬ್ಬೇರಿಸಿದ.

"ಇಂಜಿನ್ ನಡನಡುವ ಏಳತೈತಿ ಅಷ್ಟ. ಬ್ಯಾಟರಿ ಕೆಡೂದಕ್ಕಿಂತ ಅದು ವಾಸಿ."

ಸಗೀರಾ ಹೋದ ಮೇಲೂ ಭುವನೇಶ್ವರಿಯ ಕುತೂಹಲ ತಣಿಯಲಿಲ್ಲ. ಕಾರಿನಲ್ಲಿ ಮೊಬೈಲ್ ಚಾರ್ಜ್ ಮಾಡುವ ತೂತಿಗೆ ಸಿಕ್ಕಿಸಿದರೆ ವೋಲ್ಟ್ ಎಷ್ಟಿದೆ ಎಂದು ತೋರಿಸುವ ಸಣ್ಣ ಮೀಟರ್ ಸಿಗುತ್ತದೆ ಎಂದು ಸಗೀರಾ ಹೇಳಿದ್ದಳು. ಅದನ್ನು ತರಿಸಿಕೊಂಡಳು. ಹನ್ನೆರಡೂವರೆಯ ಆಸುಪಾಸು ಇದ್ದರೆ ಚಿಂತೆಯಿಲ್ಲ, ಹನ್ನೆರಡಕ್ಕಿಂತ ಕೆಳಗಿಳಿದರೆ ಖಾಲಿಯಾಗುತ್ತ ಬಂತು, ಹದಿನಾಲ್ಕರ ಹತ್ತಿರ ಏರಿದರೆ ತುಂಬುತ್ತಿದೆ ಎಂದು ತಿಳಿದುಕೊಂಡಳು.

ಮುಂದಿನ ವಾರ ಅವಳು ಸಂತೆಯಿಂದ ಬಂದಾಗ ಸಿದ್ದಲಿಂಗ ಕಾರಿನಲ್ಲಿ ಕುಳಿತು ಪೇಪರ್ ಓದುತ್ತಿದ್ದ. ಪರದೆ ಬೆಳಗುತ್ತಿತ್ತು, ಗಾಳಿ ಬೀಸುತ್ತಿತ್ತು, ಹಾಡು ಬರುತ್ತಿತ್ತು.

"ನೋಡ, ನಿಮ್ ಸಗೀರಾ ಹೇಳಿದಂಗ ಚಾಲೂ ಮಾಡಿ ಕುಂತೇನಿ. ಇಂಜಿನ್ ಒಮ್ಮೀನೂ ಎದ್ದಿಲ್ಲ. ಪೆಟ್ರೋಲೂ ಉಳೀತು!"

ಭುವನೇಶ್ವರಿ ಚೀಲ ಕೆಳಗಿಟ್ಟು ಒಳಗೆ ಬಗ್ಗಿ ನೋಡಿದಳು. ಎಲ್ಲ ದೀಪಗಳೂ ಇದ್ದವು. ಹಸಿರು ರೆಡಿ ಮಾತ್ರ ಇರಲಿಲ್ಲ.

"ರೀ, ಬ್ರೇಕ್ ಒತ್ತಿದ್ರೇನು?"

"ನಿಂತ ಕಾರಿಗೆ ಬ್ರೇಕ್ ಯಾಕ?"

ಭುವನೇಶ್ವರಿ ಮನೆಯೊಳಗೆ ಹೋದಳು. ಮೀಟರ್ ತಂದು ಸಿಕ್ಕಿಸಿದಳು. ಹನ್ನೊಂದು ಪಾಯಿಂಟ್ ಒಂಬತ್ತು. ಇಬ್ಬರೂ ನೋಡುತ್ತಿದ್ದಂತೆ ಅದು ಇನ್ನಷ್ಟು ಇಳಿಯಿತು. "ಇದು ತುಂಬಾಕತ್ತಿಲ್ರಿ, ಕರಗಾಕತ್ತೈತಿ. ಅತ್ತಿ ಹಾಡ ಕೇಳಿದಂಗs ಮಾಡೀರಿ ನೀವೂ."

ಸಿದ್ದಲಿಂಗ ಪೇಪರ್ ಮಡಚಿದ. ಅವಳು ಹೇಳಿದಂತೆ ಎಲ್ಲ ಬಂದ್ ಮಾಡಿ, ಬಲಗಾಲಿನಿಂದ ಬ್ರೇಕ್ ಒತ್ತಿ, ಗುಂಡಿ ಒತ್ತಿದ. ಪರದೆ ಒಮ್ಮೆ ಮಂಕಾಯಿತು. ಆಮೇಲೆ ರೆಡಿ ಬಂತು. ಮೀಟರಿನ ಅಂಕಿ ಒಮ್ಮೆಲೇ ಹದಿನಾಲ್ಕಕ್ಕೆ ಏರಿ ನಿಂತಿತು.

ಅವನು ಆ ಅಂಕಿಯನ್ನೇ ನೋಡುತ್ತ ಕುಳಿತ. ಬಂದ್ ಮಾಡಿದ, ಮತ್ತೆ ಬ್ರೇಕ್ ಒತ್ತಿ ಚಾಲೂ ಮಾಡಿದ. ಮತ್ತೆ ಹದಿನಾಲ್ಕು.

"ಈಗ ಗೇಟ್ ಎದ್ದೈತಿ," ಎಂದ ಕೊನೆಗೆ. ಚಾವಿಯನ್ನು ಅವಳ ಕೈಗಿಟ್ಟ. "ಅವತ್ತು ಆ ಹುಡುಗಿ ಸೈಕಲ್ ತುಳಕೊಂತ ಹೋದದ್ದು ನನ್ನಿಂದs. ಧೂಳ ಬಡೀತೈತಿ ಅಂತ ಇಟ್ಟು ಇಟ್ಟು ನಾನs ಕೆಡಿಸಿದ್ನಿ. ಇನ್ನ ಮ್ಯಾಲ ವಾರಕ್ಕೊಮ್ಮಿ ನೀನs ಒಯ್ಯಿ."

ಅಂದಿನಿಂದ ಹೊದಿಕೆ ಮೂಲೆಗೆ ಹೋಯಿತು. ವಾರಕ್ಕೊಮ್ಮೆ ಭುವನೇಶ್ವರಿ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊಲ್ಹಾರಕ್ಕೆ ಹೋಗಿ ಮೊಸರು ತರುತ್ತಿದ್ದಳು. ದಾರಿಯುದ್ದಕ್ಕೂ ಲಕ್ಕವ್ವನ ಹಾಡು. ಕೆಲವು ಸಲ ಮುಂದೆ ಸೈಕಲ್ ತುಳಿಯುತ್ತಿದ್ದ ಬುಶ್ರಾ ಸಿಗುತ್ತಿದ್ದಳು. ಕಾರು ನಿಧಾನವಾಗಿ ಅವಳ ಹಿಂದೆ ಹೋಗುತ್ತ, ಎಷ್ಟು ವೇಗದಲ್ಲಿ ತುಳಿಯುತ್ತಿದ್ದಾಳೆ ಎಂದು ಭುವನೇಶ್ವರಿ ಕಿಟಕಿಯಿಂದ ಕೂಗಿ ಹೇಳುತ್ತಿದ್ದಳು. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟಣಿಯ ಹೊತ್ತಿನಲ್ಲಿ ಮನೆಯವರಿಗೆಲ್ಲ ತೋಟದಲ್ಲೇ ಕೆಲಸವಾದಾಗ ಸಂಜೆ ಮನೆಗೆ ಬಂದು ಸಿದ್ದಲಿಂಗ ತಾನೇ ಬ್ರೇಕ್ ಒತ್ತಿ, ರೆಡಿ ನೋಡಿ, ಅಂಗಳದಲ್ಲಿ ಕಾರು ಇಟ್ಟುಕೊಂಡು ಕೂರುತ್ತಿದ್ದ.

ಮಳೆಗಾಲ ಮುಗಿಯಿತು. ಎರಡನೆಯ ಆಯ್ಕೆಯ ದಿನ ಬಂತು. ಭುವನೇಶ್ವರಿ ಚಾವಿಯ ಗುಂಡಿ ಒತ್ತಿದ ಕೂಡಲೇ ಕಾರು ಕಣ್ಣು ಮಿಟುಕಿಸಿ ಬಾಗಿಲು ಬಿಟ್ಟಿತು. ಗೈಬುಸಾಬ ಸೈಕಲ್ಲಿನ ಚಕ್ರ ಕಳಚಿ ಹಿಂದೆ ಜೋಡಿಸಿದ. ಬುಶ್ರಾ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತಳು. ವಿಜಯಪುರದ ಹತ್ತಿರ ಜುಮನಾಳ ದಾಟುವ ತನಕ ನಿದ್ದೆ ಮಾಡಿದಳು.

ಆ ದಿನ ಅವಳು ಎರಡನೆಯವಳಾಗಿ ಗೆರೆ ದಾಟಿದಳು. ಶಿಬಿರಕ್ಕೆ ಆರಿಸಿದವರಲ್ಲಿ ಅವಳ ಹೆಸರು ಕೂಗಿದಾಗ ಗೈಬುಸಾಬ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ. ಭುವನೇಶ್ವರಿ ಮೊದಲು ಸಿದ್ದಲಿಂಗನಿಗೆ, ಆಮೇಲೆ ಸಗೀರಾಳಿಗೆ ಫೋನ್ ಮಾಡಿದಳು.

ಓದುತ್ತಿರುವ ಅಕ್ಕಂದಿರೆ, ಅಣ್ಣಂದಿರೆ, ಹೈಬ್ರಿಡ್ ಕಾರು ಈಗ ಇಂಡಿಯಲ್ಲೂ ಕಾಣುತ್ತದೆ, ಸಿಂದಗಿ, ಮುದ್ದೇಬಿಹಾಳಗಳಲ್ಲೂ ಕಾಣುತ್ತದೆ. ನಿಮ್ಮ ಮನೆಯ ಮುಂದೆಯೂ ಒಂದಿದ್ದರೆ ಅದನ್ನು ವಾರಗಟ್ಟಲೆ ನಿಲ್ಲಿಸಿ ಮರೆಯಬೇಡಿ. ವಾರಕ್ಕೊಮ್ಮೆ ಓಡಿಸಿ, ಇಲ್ಲವೇ ಬಯಲಿನಲ್ಲಿ ನಿಲ್ಲಿಸಿ ರೆಡಿ ದೀಪ ಬಂದ ಮೇಲೆ ಒಂದು ತಾಸು ಇಡಿ. ರೆಡಿ ಬಾರದೆ ಹಾಡು, ಗಾಳಿ, ಮೊಬೈಲ್ ಚಾರ್ಜು ಬೇಡ. ಚಾವಿಯನ್ನು ಕಾರಿನಿಂದ ದೂರ ಇಡಿ, ಇಳಿಯುವಾಗ ಒಳಗಿನ ದೀಪ, ಗಾಜಿಗೆ ಹಚ್ಚಿದ ಕ್ಯಾಮೆರಾ ಇದ್ದರೆ ಅದನ್ನೂ ಬಂದ್ ಮಾಡಿ ಲಾಕ್ ಹಾಕಿ. ತಿಂಗಳುಗಟ್ಟಲೆ ಪರವೂರಿಗೆ ಹೋಗುವವರಾದರೆ ಸಣ್ಣ ಬ್ಯಾಟರಿಗೆ ಏನು ಮಾಡಬೇಕೆಂದು ಸರ್ವಿಸ್‌ನವರನ್ನು ಕೇಳಿಯೇ ಹೋಗಿ. ಮೂರು ನಾಲ್ಕು ವರ್ಷ ಹಳೆಯ ಬ್ಯಾಟರಿಯಾದರೆ ಪರೀಕ್ಷೆ ಮಾಡಿಸಿ. ಇಷ್ಟನ್ನೂ ಮನೆಯ ಹಿರಿಯರಿಗೆ, ಕಾರು ಓಡಿಸದವರಿಗೆ ಕೂಡ ತಿಳಿಸಿ ಹೇಳಿ.

ಕೊಟ್ಟ ಮಾತಿನಂತೆ ಹೊರಡುವ ದಿನ ಬೆಳಗ್ಗೆ ನೋಡೋಣ ಅಂದರೆ ತಡವಾಗುತ್ತದೆ. ಈಗಲೇ ಎದ್ದು ಹೊರಗೆ ಹೋಗಿ. ಬ್ರೇಕ್ ಒತ್ತಿ, ಗುಂಡಿ ಒತ್ತಿ, ರೆಡಿ ಬಂತೇ ನೋಡಿ.